ನಾಲ್ಕು ಗೀಟು, ಮೂರು ಬಣ್ಣ ಮತ್ತು ನಮ್ಮ ದೊಡ್ಡ ಬಾಯಿ

ಇಲ್ಲಿ ಬರೆಯದೆ ಬಹಳ ದಿನ ಆಯ್ತು. ರಿಲೀಸು, ಡೆಡ್‌ಲೈನು ಅಂತ ಕಾರಣ ಕೊಡಬಹುದು, ಆದ್ರೆ ಸೋಮಾರಿತನ ಅನ್ನೋದೇ ನಿಜ :) ಇವತ್ತು ಬರೀತಿರೋದು ಮನಸ್ಸಲ್ಲಿ ಒಂದು ವಿಷಯ ಚುಚ್ಚುತ್ತಾ ಇರೋದ್ರಿಂದ.

ನಾವು ಎಂಟ್ಹತ್ತು ಜನ ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಸೇರಿ ಚಿತ್ರ ಬಿಡಿಸ್ತೀವಿ. ಯಾರೂ ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವಾರವಿಡೀ ಕೋಡು ಕುಟ್ಟುವ ನನ್ನಂಥವರು, ಒಬ್ಬ ಡೆಂಟಿಸ್ಟು, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು. ಅವರನ್ನ ಎಲ್ಲರೂ ಅಂಕಲ್ ಅಂತೀವಿ. ಬಿಡಿಸಿ ಮುಗಿದ ಮೇಲೆ ಕಾಫಿ. ಕಾಫಿ ಜೊತೆ ಜಗತ್ತಿನ ದೊಡ್ಡ ದೊಡ್ಡ ಕಲಾವಿದರ ವಿಚಾರಣೆ. ಪಿಕಾಸೊಗೆ ಕಣ್ಣು ಎಲ್ಲಿಡಬೇಕು ಅಂತಲೇ ಗೊತ್ತಿರಲಿಲ್ಲ, ಪೊಲಾಕ್ ಬಣ್ಣದ ಡಬ್ಬ ಎಡವಿ ಚೆಲ್ಲಿಕೊಂಡ... ಹೀಗೆ. ತೀರ್ಪು ಕೊಡೋದರಲ್ಲಿ ನಾನೇ ಎಲ್ಲರಿಗಿಂತ ಮುಂದೆ.

ಒಂದು ಭಾನುವಾರ ಮಾಂಡ್ರಿಯನ್‌ನ ಸರದಿ. ಡಚ್ ಕಲಾವಿದ ಪೀಟ್ ಮಾಂಡ್ರಿಯನ್ (1872-1944) ಗೊತ್ತಲ್ಲ? ಬಿಳಿ ಹಿನ್ನೆಲೆ, ಕಪ್ಪು ಗೀಟುಗಳು, ಕೆಂಪು ನೀಲಿ ಹಳದಿ ಚೌಕಗಳು. "ಇದನ್ನ ಎರಡನೇ ಕ್ಲಾಸಿನ ನನ್ನ ಮಗಳು ಸ್ಕೇಲಿಟ್ಟು ಬಿಡಿಸ್ತಾಳೆ" ಅಂದರು ಒಬ್ಬರು. "ಇಂಜಿನಿಯರಿಂಗ್ ಮೊದಲ ವರ್ಷದಲ್ಲೇ ನಾವು ಡ್ರಾಫ್ಟರ್ ಇಟ್ಟು ಇದಕ್ಕಿಂತ ಕಷ್ಟದ್ದು ಎಳೆದು ಬಿಸಾಕಿದ್ದೀವಿ" ಅಂದೆ ನಾನು. ಎಲ್ಲರೂ ನಕ್ಕರು. ಅಂಕಲ್ ಮಾತ್ರ ತಮ್ಮ ಹಾಳೆಯನ್ನ ಮೆಲ್ಲಗೆ ಮಗುಚಿ ಚೀಲಕ್ಕೆ ಹಾಕಿಕೊಂಡರು. ಆ ಹಾಳೆಯಲ್ಲಿ ಮರ ಇರಲಿಲ್ಲ, ಬೆಂಚು ಇರಲಿಲ್ಲ. ಬೂದು, ಹಸಿರು ಪಟ್ಟೆಗಳಷ್ಟೇ ಇದ್ದವು. ಅದಾದ ಮೇಲೆ ಅವರು ಬಂದಿಲ್ಲ. ಫೋನ್ ಮಾಡಿದ್ದಕ್ಕೆ "ಮಂಡಿ ನೋವು ಕಣಪ್ಪ" ಅಂದರು.

ಮಾಂಡ್ರಿಯನ್ ಸತ್ತು ಎಷ್ಟೋ ವರ್ಷ ಆಯ್ತು, ನನ್ನ ಜೋಕು ಅವನಿಗೆ ತಾಗಲ್ಲ. ತಾಗಿದ್ದು ಪಕ್ಕದಲ್ಲಿ ಕೂತವರಿಗೆ.

ಇದಾಗಿ ಸ್ವಲ್ಪ ದಿನಕ್ಕೆ ಆಫೀಸಿನವರು ನನ್ನನ್ನ ಎರಡು ವಾರ ನೆದರ್‌ಲ್ಯಾಂಡ್ಸಿಗೆ ಕಳಿಸಿದರು. ಒಂದು ಶನಿವಾರ ಹೇಗ್ ನಗರದ ಕುನ್ಸ್ಟ್‌ಮ್ಯೂಸಿಯಂಗೆ ಹೋದೆ. ಅವನ ಚಿತ್ರಗಳ ಅತಿ ದೊಡ್ಡ ಸಂಗ್ರಹ ಇರೋದು ಅಲ್ಲೇ. 1908-10ರ ಕೆಂಪು ಮರ: ಕೊಂಬೆಗಳು ಉರಿಯುತ್ತಿರೋ ಥರ, ಆದ್ರೂ ಅಪ್ಪಟ ಮರ. 1911ರ ಬೂದು ಮರದಲ್ಲಿ ಬಣ್ಣ ಹೋಗಿ ಕೊಂಬೆಗಳ ಬಾಗು ಉಳಿದಿದೆ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಹೂವೂ ಇಲ್ಲ, ಸೇಬೂ ಇಲ್ಲ, ಒಂದಕ್ಕೊಂದು ತಾಗುವ ಬಾಗು ಗೆರೆಗಳಷ್ಟೇ. ಆ ಗೆರೆಗಳು ನೆಟ್ಟಗಾಗಿ ನಾವು ನಕ್ಕ ಚೌಕಗಳಾಗೋಕೆ ಇನ್ನೂ ಎಂಟೊಂಬತ್ತು ವರ್ಷ ಬೇಕಾಯ್ತು. ಮರ ಬಿಡಿಸೋಕೆ ಬಾರದೆ ಗೀಟು ಎಳೆದವನಲ್ಲ ಈ ಪುಣ್ಯಾತ್ಮ. ಮರ ಬಿಡಿಸಿ ಬಿಡಿಸಿ ಅಲ್ಲಿಗೆ ಬಂದು ಮುಟ್ಟಿದವನು.

ವಾಪಸ್ ಬಂದು ಒಂದು ಪ್ರಯೋಗ ಮಾಡಿದೆ. 1930ರ ಅವನ ಕೆಂಪು, ನೀಲಿ, ಹಳದಿ ಸಂಯೋಜನೆಯನ್ನ ಲ್ಯಾಪ್‌ಟಾಪಿನಲ್ಲಿ ಬಿಡಿಸ್ದೆ. ಬಲಮೇಲೆ ದೊಡ್ಡ ಕೆಂಪು, ಎಡಕೆಳಗೆ ಪುಟ್ಟ ನೀಲಿ, ಬಲಕೆಳಗಿನ ಮೂಲೆಯಲ್ಲಿ ಚೂರೇ ಚೂರು ಹಳದಿ. ಕಪ್ಪು ಗೀಟುಗಳೆಲ್ಲ ಒಂದೇ ದಪ್ಪ ಇಲ್ಲ ಅನ್ನೋದು ಆಗಲೇ ಗೊತ್ತಾಗಿದ್ದು. ನೀಲಿಯನ್ನ ಸ್ವಲ್ಪ ದೊಡ್ಡದು ಮಾಡಿದೆ, ಕೆಂಪಿನ ಜೋರು ಹೋಯ್ತು. ಹಳದಿ ತೆಗೆದೆ, ಚಿತ್ರ ಒಂದು ಕಡೆಗೆ ವಾಲಿತು. ಎರಡು ಗಂಟೆ ಎಳೆದಾಡಿದೆ. ಅವನು ಇಟ್ಟ ಜಾಗಕ್ಕಿಂತ ಒಳ್ಳೆ ಜಾಗ ನನಗೆ ಸಿಗಲಿಲ್ಲ. "ನಾಲ್ಕು ಲೈನ್ ಕೋಡಿಗೆ ಮೂರು ದಿನ ಬೇಕಾ?" ಅಂತ ಮ್ಯಾನೇಜರ್ ಕೇಳಿದಾಗ ಮೈಯೆಲ್ಲಾ ಉರಿಯುತ್ತಲ್ಲ, ನಾನು ಮಾಂಡ್ರಿಯನ್‌ಗೆ ಕೇಳಿದ್ದೂ ಅದೇ ಪ್ರಶ್ನೆ!

"ಅರ್ಥವೇ ಆಗಲ್ಲ" ಅನ್ನೋ ದೂರು ಇನ್ನೊಂದು. ನಮ್ಮಮ್ಮ ದಿನಾ ಬೆಳಿಗ್ಗೆ ಬಾಗಿಲಿಗೆ ಚುಕ್ಕಿ ಇಟ್ಟು ರಂಗೋಲಿ ಹಾಕ್ತಾರೆ. ಇದರಲ್ಲಿ ಏನು ಕಾಣ್ಬೇಕು ಅಂತ ಯಾರೂ ಕೇಳಿಲ್ಲ, ಎಳೆ ತಪ್ಪಿದ್ರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತೆ. ಮಾತೇ ಇಲ್ಲದ ಆಲಾಪನೆಗೆ ತಲೆದೂಗ್ತೀವಿ. ಕೆ.ಕೆ. ಹೆಬ್ಬಾರರ ನಾಲ್ಕು ಗೆರೆಯಲ್ಲಿ ನರ್ತಕಿ ಕಾಣ್ತಾಳೆ, ಅದಕ್ಕೆ ನಮ್ಮ ಗುಂಪಿನಲ್ಲಿ ಅವರಿಗೆ ಭಾರೀ ಮರ್ಯಾದೆ. ಆ ಲಯ ಹಿಡಿಯೋಕೆ ಅವರು ಕಥಕ್ ಕಲಿತಿದ್ದು ಎಷ್ಟು ಜನಕ್ಕೆ ಗೊತ್ತು? ಗುರುತು ಸಿಕ್ಕರೆ ಕಲೆ, ಸಿಗದಿದ್ದರೆ ಮೋಸ! ಇದು ವಿಮರ್ಶೆ ಅಲ್ಲ ಸ್ವಾಮಿ, ಸೆಕ್ಯೂರಿಟಿ ಗಾರ್ಡ್ ಐಡಿ ಕಾರ್ಡ್ ನೋಡೋ ರೀತಿ.

"ಎಲ್ಲಾ ದುಡ್ಡಿನ ಆಟ" ಅಂತಲೂ ಅಂತಾರೆ. ಮಾರ್ಕೆಟ್ಟಿಗೆ ಹುಚ್ಚು ಹಿಡಿದಿರೋದು ನಿಜ. ಅವನ ಕೊನೆಯ, ಪೂರ್ತಿಯಾಗದ ಚಿತ್ರವನ್ನ 1998ರಲ್ಲಿ ಸುಮಾರು 8 ಕೋಟಿ ಗಿಲ್ಡರ್ ಕೊಟ್ಟು ಕೊಂಡಾಗ ಡಚ್ ಜನರೇ ಕೂಗಾಡಿದ್ರು. ಆದ್ರೆ ಅಷ್ಟೊತ್ತಿಗೆ ಅವನು ಸತ್ತು 54 ವರ್ಷ. ಬದುಕಿದ್ದಾಗ, 1920ರ ದಶಕದಲ್ಲಿ ಹೊಟ್ಟೆಪಾಡಿಗೆ ಅವನು ಬಿಡಿಸಿ ಮಾರಿದ್ದು ಹೂವಿನ ಚಿತ್ರಗಳನ್ನ. ಅಂದ್ರೆ ದುಡ್ಡಿಗಾಗಿ ಮಾಡಿದ್ದು ನಮಗೆ ಇಷ್ಟ ಆಗುವಂಥದ್ದು, ನಾವು ಮೋಸ ಅಂತಿರೋದು ಅವನು ತನ್ನಿಷ್ಟಕ್ಕೆ ಮಾಡಿದ್ದು!

ಹಾಗಂತ ದೊಡ್ಡ ಹೆಸರು ಕೇಳಿದ ಕೂಡಲೇ "ಆಹಾ, ಎಂಥಾ ಆಳ" ಅಂತ ಕಣ್ಮುಚ್ಚೋರೂ ಬೇಡ. ಅವರೂ ಚಿತ್ರ ನೋಡಿರಲ್ಲ. ಇಷ್ಟ ಆಗದಿರೋದು ತಪ್ಪಲ್ಲ, ನನಗೆ ಇವತ್ತಿಗೂ ಪೊಲಾಕ್ ರುಚಿಸಲ್ಲ. ಸಿನಿಮಾ ಬೈಯೋಕೆ ಸಿನಿಮಾ ತೆಗೆದಿರಬೇಕಾ ಅಂತ ಕೇಳಬಹುದು. ಬೇಡ. ಆದ್ರೆ ನಮ್ಮ ಕೈಯಲ್ಲಿ ಬ್ರಶ್ ಇದೆಯಲ್ಲ? ಒಂದು ಹಸಿರು ಸರಿಯಾಗಿ ಕೂರಿಸೋಕೆ ಎಷ್ಟು ಹಾಳೆ ಹರೀತೀವಿ ಅಂತ ನಮಗೆ ಗೊತ್ತು. ದಾರಿಹೋಕರು ನಕ್ಕರೆ ಬಿಡಬಹುದು, ನಾವು ನಗಬಾರದು. ಒಂದ್ಸಲ ಕೂತು ನಕಲು ಮಾಡಿ, ಆಮೇಲೆ ಹೊಟ್ಟೆ ತುಂಬಾ ಬೈಯಿರಿ.

ಈ ಭಾನುವಾರ ಪಾರ್ಕಿಗೆ ಹೋಗೋ ಮೊದಲು ಅಂಕಲ್ ಮನೆಗೆ ಹೋಗ್ತೀನಿ. ಮಂಡಿ ನೋವು ನಿಜವೇ ಆಗಿದ್ರೆ ಆಟೋ ಮಾಡಿ ಕರ್ಕೊಂಡು ಬರ್ತೀನಿ. ಮಂಡಿ ನೋವಲ್ಲದಿದ್ರೆ ಕ್ಷಮೆ ಕೇಳಬೇಕು. ಆ ಬೂದು-ಹಸಿರು ಹಾಳೆಯನ್ನ ಇನ್ನೊಮ್ಮೆ ತೋರಿಸಿ ಅಂತಲೂ ಕೇಳಬೇಕು.

ನೀವೂ ಹೀಗೆ ಯಾರದೋ ಹಾಳೆ ಮಗುಚಿಸಿದ್ದೀರಾ?