ಕಾನೂನೆಂಬ ಗುರಾಣಿ

2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ರಾಜಧಾನಿ ವಲಯದ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿತು. ಶೇಕಡಾ 40ರಲ್ಲಿ ಆಂಟಿಬಯಾಟಿಕ್ ಅಂಶ ದೊರೆಯಿತು. ಕೋಳಿ ಉದ್ಯಮವು ಅಲ್ಲಗಳೆಯಿತು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಕೋಳಿಗಳ ತೂಕ ಹೆಚ್ಚಿಸಲು ಮಾರಲಾಗುತ್ತಿದೆಯೆಂದು 2018ರಲ್ಲಿ ಪತ್ರಿಕೆಗಳು ಬಯಲಿಗೆಳೆದಾಗ, ನಿಯಮ ಮೀರಿಲ್ಲವೆಂಬ ಉತ್ತರ ಬಂತು. ನಿಜವೇ, ತಡೆಯುವ ಕಾನೂನೇ ಆಗ ಇರಲಿಲ್ಲ! 2019ರ ಜುಲೈನಲ್ಲಿ ಕೇಂದ್ರ ಸರ್ಕಾರವು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದರ ತಯಾರಿಕೆ, ಮಾರಾಟಗಳನ್ನೇ ನಿಷೇಧಿಸಿತು. ಪತ್ರಿಕೆಗಳು ಎತ್ತಿದ ಪ್ರಶ್ನೆ ಸುಳ್ಳಾಗಿರಲಿಲ್ಲ.

ಔಷಧಕ್ಕೆ ಬಗ್ಗದ ರೋಗಾಣು ಫಾರಂನ ಬೇಲಿಯೊಳಗೆ ನಿಲ್ಲದು; ಗೊಬ್ಬರದೊಡನೆ ಗದ್ದೆಗೂ ಮಳೆನೀರಿನೊಡನೆ ಹಳ್ಳಕ್ಕೂ ಇಳಿಯುತ್ತದೆ. ಮುಚ್ಚಿಡುವುದೇನೂ ಇಲ್ಲವಾದರೆ ಉದ್ಯಮವು ಯಾವ ಫಾರಂನಲ್ಲಿ ಯಾವ ಔಷಧ ಎಷ್ಟು ಬಳಕೆಯಾಯಿತೆಂಬ ಲೆಕ್ಕವನ್ನು ಜನರ ಮುಂದಿಡಲಿ.