ತೆರವಾದ ಸ್ಥಾನ ಯಾರದು?

ತ್ಯಾಗವೆಂಬುದು ದೊಡ್ಡ ಮಾತು. ತನ್ನದನ್ನು ಬಿಟ್ಟುಕೊಟ್ಟವನು ತ್ಯಾಗಿ. ಆದರೆ ಇತರರು ನಂಬಿ ಕೈಯಲ್ಲಿಟ್ಟುದನ್ನು ಬಿಟ್ಟುಕೊಟ್ಟವನನ್ನು ಏನೆಂದು ಕರೆಯಬೇಕು? ಮೂಡಿಗೆರೆ ಸೀಮೆಯ ದಾರದಹಳ್ಳಿಯ ದಿವಂಗತ ಡಿ. ಬಿ. ಚಂದ್ರೇಗೌಡರ ರಾಜಕೀಯ ಜೀವನವನ್ನು ನೆನೆದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಅವರು ಸಾಮಾನ್ಯರಲ್ಲ. 1936ರಲ್ಲಿ ಹುಟ್ಟಿ, 1971ರಲ್ಲಿಯೂ 1977ರಲ್ಲಿಯೂ ಚಿಕ್ಕಮಗಳೂರಿನಿಂದ ಲೋಕಸಭೆಗೆ ಆಯ್ಕೆಯಾದರು. ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನಪರಿಷತ್ತು ಈ ನಾಲ್ಕು ಸದನಗಳಲ್ಲಿಯೂ ಕುಳಿತವರು ನಮ್ಮ ನಾಡಿನಲ್ಲಿ ವಿರಳ. ಆ ವಿರಳರಲ್ಲಿ ಇವರೊಬ್ಬರು. 1983ರಿಂದ 1985ರವರೆಗೆ ವಿಧಾನಸಭೆಯ ಅಧ್ಯಕ್ಷ ಪೀಠವನ್ನಲಂಕರಿಸಿದರು, ಎಸ್. ಎಂ. ಕೃಷ್ಣರ ಮಂತ್ರಿಮಂಡಲದಲ್ಲಿ ಕಾನೂನು ಸಚಿವರಾದರು. ಕಾಂಗ್ರೆಸ್ಸು, ಜನತಾ ಪಕ್ಷ, ಮರಳಿ ಕಾಂಗ್ರೆಸ್ಸು ಎಂದು ಸಾಗಿ, 2009ರಲ್ಲಿ ಭಾರತೀಯ ಜನತಾ ಪಕ್ಷದಿಂದ ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ಗೆದ್ದರು. 2023ರ ನವೆಂಬರಿನಲ್ಲಿ ತೀರಿಕೊಂಡರು.

ಇಷ್ಟೆಲ್ಲ ಇದ್ದರೂ ಜನ ಅವರನ್ನು ನೆನೆಯುವುದು 1978ರ ಒಂದು ರಾಜೀನಾಮೆಯಿಂದ. ತುರ್ತುಪರಿಸ್ಥಿತಿಯ ಬಳಿಕ ಶ್ರೀಮತಿ ಇಂದಿರಾ ಗಾಂಧಿಯವರು ರಾಯಬರೇಲಿಯಲ್ಲಿ ಸೋತಿದ್ದರು. ಉತ್ತರದಲ್ಲಿ ಕಾಂಗ್ರೆಸ್ಸು ನೆಲಕಚ್ಚಿದಾಗಲೂ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದಕ್ಕೆ ಕೊಟ್ಟಿತ್ತು. ಅವರಿಗಾಗಿ ಚಂದ್ರೇಗೌಡರು ತಮ್ಮ ಸ್ಥಾನವನ್ನು ತೆರವು ಮಾಡಿದರು. ಆ ನವೆಂಬರಿನಲ್ಲಿ, ತೋಟಗಳಲ್ಲಿ ಅರೇಬಿಕಾ ಹಣ್ಣು ಕೆಂಪೇರುವ ಕಾಲಕ್ಕೆ, ಉಪಚುನಾವಣೆ ನಡೆದು, ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರೆದುರು ಇಂದಿರಾ ಅವರು 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಜಗತ್ತೇ ನಮ್ಮೂರಿನ ಹೆಸರನ್ನು ಕೇಳಿತು.

ಮುಂದೇನಾಯಿತು? ಡಿಸೆಂಬರಿನಲ್ಲಿಯೇ ಲೋಕಸಭೆ ಹಕ್ಕುಚ್ಯುತಿಯ ಕಾರಣದಿಂದ ಅವರನ್ನು ಉಚ್ಚಾಟಿಸಿತು. ನಮ್ಮ ಕ್ಷೇತ್ರ ಮತ್ತೆ ಬರಿದಾಯಿತು. 1980ರಲ್ಲಿ ಅವರು ನಿಂತದ್ದು ರಾಯಬರೇಲಿ ಮತ್ತು ಮೇದಕ್‌ಗಳಲ್ಲಿ, ಚಿಕ್ಕಮಗಳೂರಿನಲ್ಲಲ್ಲ. ಕಷ್ಟಕಾಲದ ಮೆಟ್ಟಿಲಾಗಿ ಒದಗಿದ ಊರು, ಮೇಲೇರಿದ ಮೇಲೆ ಮರೆತ ಊರಾಯಿತು.

ಗೌಡರದು ದ್ರೋಹವೆಂದು ನಾನು ಹೇಳುವುದಿಲ್ಲ. ಅವರು ಸ್ಥಾನವನ್ನು ಕೈಯಿಂದ ಕೈಗೆ ದಾಟಿಸಲಿಲ್ಲ. ಅದು ಮತದಾರನ ಬಳಿಗೇ ಹಿಂದಿರುಗಿತು, ಮತದಾರನೇ ಮುದ್ರೆಯೊತ್ತಿದ. ಸೋತ ನಾಯಕಿಯ ಜೊತೆ ನಿಲ್ಲುವುದಕ್ಕೂ ಧೈರ್ಯ ಬೇಕು. ಗೆದ್ದವರ ಹಿಂದೆ ಓಡುವವರೇ ಹೆಚ್ಚಿರುವ ಲೋಕದಲ್ಲಿ ಆ ಗುಣವನ್ನು ಮೆಚ್ಚಲೇಬೇಕು. ಆದರೆ ಆ ನಿಷ್ಠೆ ನಾಯಕಿಗೆ ಸಂದದ್ದು. 1977ರಲ್ಲಿ ಆರು ವರ್ಷಕ್ಕೆಂದು ಗೌಡರನ್ನೇ ಆರಿಸಿದ್ದ ಕೂಲಿಕಾರನಿಗೂ ಸಣ್ಣ ಬೆಳೆಗಾರನಿಗೂ ಸಲ್ಲಬೇಕಾದ ಪಾಲೆಷ್ಟು? ಈ ಲೆಕ್ಕವನ್ನು ನಾವು ಕೇಳಲೇ ಇಲ್ಲ. ಕೇಳದ ತಪ್ಪು ಗೌಡರಿಗಿಂತ ನಮ್ಮದೇ ಹೆಚ್ಚು. ದೊಡ್ಡವರು ಬಂದರೆಂಬ ಹೆಮ್ಮೆಯಲ್ಲಿ, ಬಂದವರು ಏನು ಮಾಡಿದರೆಂದು ವಿಚಾರಿಸುವುದನ್ನು ಮರೆತೆವು.

ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2008ರ ಕ್ಷೇತ್ರ ವಿಂಗಡಣೆಯಿಂದ ನಾವು ಉಡುಪಿಯೊಡನೆ ಸೇರಿದ್ದೇವೆ. ಘಟ್ಟದ ಮೇಲಿನ ಕಳಸ, ಮೂಡಿಗೆರೆಗಳಿಗೂ ಕಡಲತೀರದ ಕಾಪು, ಕುಂದಾಪುರಗಳಿಗೂ ಒಬ್ಬರೇ ಪ್ರತಿನಿಧಿ. ಮೀನುಗಾರನ ಕಷ್ಟ ಬೇರೆ, ಕಾಫಿಯವನ ಕಷ್ಟ ಬೇರೆ. ಇಂಥಲ್ಲಿ ಪ್ರತಿನಿಧಿಯನ್ನು ಕರೆದು ಕೇಳುವ ಅಭ್ಯಾಸವಿಲ್ಲದ ಜನರ ಅಹವಾಲು ಘಟ್ಟದ ಮಂಜಿನಲ್ಲಿಯೇ ಕರಗಿಹೋಗುತ್ತದೆ.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಮೊದಲ ಮತ ಚಲಾಯಿಸುವ ವಯಸ್ಸಿನವರು. ದಾರದಹಳ್ಳಿಯಂಥ ಹಳ್ಳಿಯಿಂದ ಹೊರಟವರೊಬ್ಬರು ನಾಲ್ಕು ಸದನಗಳನ್ನು ಕಂಡರೆಂಬುದು ನಮಗೆ ಸ್ಫೂರ್ತಿಯಾಗಲಿ. ಆದರೆ ಅವರು ಬಿಟ್ಟುಕೊಟ್ಟ ಸ್ಥಾನ ಅವರದಾಗಿರಲಿಲ್ಲ, ಇಂದಿರಾ ಅವರದೂ ಆಗಿರಲಿಲ್ಲ; ಅದು ನಮ್ಮದಾಗಿತ್ತು. ಮುಂದೆ ಯಾರೇ ಬಂದು ಕೇಳಲಿ, ಕೊಡುವ ಮೊದಲು ಇದನ್ನು ನೆನೆಯೋಣ. ಕೊಟ್ಟ ಮೇಲೆ ಲೆಕ್ಕ ಕೇಳೋಣ.