ಬಸದಿಗೆ ಬಂದೂಕು ಬೇಕೆ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಪೇಟೆಯಲ್ಲಿ ಅಂಗಡಿ ನಡೆಸುವ ನಮ್ಮ ಶ್ರಾವಕರು ಕಳವಿನ ಸುದ್ದಿ ಬಂದಾಗಲೆಲ್ಲ ಪಿಸ್ತೂಲಿನ ಪರವಾನಿಗೆಯ ಮಾತೆತ್ತುತ್ತಾರೆ. ಬಸದಿಯ ಕಾವಲುಗಾರನಿಗೂ ಒಂದು ಬಂದೂಕು ಇರಲೆನ್ನುವವರು ಇದ್ದಾರೆ. ಆಕ್ಷೇಪಿಸಿದರೆ ಉತ್ತರ ಸಿದ್ಧ: ಗೃಹಸ್ಥನಿಗೆ ವಿರೋಧಿ ಹಿಂಸೆ ವರ್ಜ್ಯವಲ್ಲ.

ಮಾತು ನಿಜ. ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂಬ ನಾಲ್ಕರಲ್ಲಿ ಅಣುವ್ರತಿಯು ಸರ್ವಥಾ ತ್ಯಜಿಸಬೇಕಾದದ್ದು ಸಂಕಲ್ಪಿ ಹಿಂಸೆಯನ್ನು. ಆದರೆ ವಿರೋಧಿಯೇ ಇಲ್ಲದಾಗ ವರ್ಷಾನುಗಟ್ಟಲೆ ಗುಂಡು ತುಂಬಿಟ್ಟು ಕಾಯುವವನ ಭಾವವನ್ನು ಯಾವ ವರ್ಗಕ್ಕೆ ಸೇರಿಸೋಣ? ಇನ್ನು ಟ್ರಸ್ಟಿನ ವಿಷಯ ಮತ್ತಷ್ಟು ಸ್ಪಷ್ಟ. ಪರರ ಕೈಗೆ ಆಯುಧ ಕೊಡುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹಿಂಸಾದಾನವೆಂದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಸಂಬಳದ ಕಾವಲುಗಾರನ ಕೈಗೆ ಬಂದೂಕಿತ್ತು, ಪಾಪವನ್ನು ಅವನ ಲೆಕ್ಕಕ್ಕೆ ಬರೆಯಲು ಯಾವ ಜಮಾಖರ್ಚಿನಲ್ಲೂ ಅವಕಾಶವಿಲ್ಲ.

ಪೊಲೀಸರು ಅರ್ಜಿಯನ್ನು ಸತಾಯಿಸುತ್ತಾರೆಂಬ ದೂರೂ ಉಂಟು. 1959ರ ಆಯುಧ ಅಧಿನಿಯಮದಂತೆ ಪರವಾನಿಗೆ ನೀಡುವವರು ಠಾಣೆಯ ವರದಿ ತರಿಸಬೇಕು. 2016ರ ನಿಯಮಗಳು ವ್ಯಾಪಾರದ ನಿಮಿತ್ತವನ್ನು ಒಪ್ಪುತ್ತವೆ, ಆದರೆ ಅಗತ್ಯವು ನೈಜವಾಗಿರಬೇಕೆನ್ನುತ್ತವೆ. ಯಾರಿಂದ ಅಪಾಯವೆಂದು ಠಾಣಾಧಿಕಾರಿ ಕೇಳಿದರೆ ನಾವು ತಿಜೋರಿಯನ್ನು ತೋರಿಸುತ್ತೇವೆ! ಪರಿಗ್ರಹ ಪರಿಮಾಣ ವ್ರತವನ್ನು ನಮಗೆ ಖಾಕಿ ಉಡುಪಿನವರು ನೆನಪಿಸಬೇಕೆ? ಕಳ್ಳನು ಬರುವುದು ಮನೆಗೆ ಬೀಗವಿದ್ದಾಗ, ಇಲ್ಲವೇ ಮನೆಯವರು ಗಾಢನಿದ್ರೆಯಲ್ಲಿದ್ದಾಗ. ಆಗ ಪಿಸ್ತೂಲೇ ಕಳವಿನ ಮಾಲಾಗುತ್ತದೆ. ಚುನಾವಣೆ ಬಂದರಂತೂ ಆಯುಧವನ್ನು ಠಾಣೆಗೆ ಒಪ್ಪಿಸಲು ಆದೇಶ ಹೊರಡುವುದು ವಾಡಿಕೆ. ಶಿಗ್ಗಾಂವಿಯವರು 2024ರಲ್ಲಿ ಲೋಕಸಭೆಗೂ ವಿಧಾನಸಭೆಯ ಉಪಚುನಾವಣೆಗೂ, ಹೀಗೆ ಎರಡು ಸಲ ಮತ ಹಾಕಿದರು.

ಗುಂಡು ಹಾರಿತೆನ್ನಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿದೆ, ಜೊತೆಗೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂದೂ ವಿಧಿಸಿದೆ. ಕತ್ತಲಲ್ಲಿ ಹಿತ್ತಲಿಗೆ ಬಂದವನು ದರೋಡೆಕೋರನೋ, ತಡವಾಗಿ ಮರಳಿದ ಸ್ವಂತ ಮಗನೋ ಎಂಬುದನ್ನು ಅರೆನಿದ್ರೆಯ ಕಣ್ಣು ನಿರ್ಣಯಿಸಬೇಕು. ಪ್ರಮತ್ತಯೋಗವೆಂದು ಸೂತ್ರಕಾರರು ಕರೆದದ್ದು ಇದಕ್ಕಿಂತ ಬೇರೆಯೇ?

ಗಂಗರ ಮಾರಸಿಂಹನು ಜೈನನಾಗಿಯೂ ಖಡ್ಗ ಹಿಡಿಯಲಿಲ್ಲವೇ ಎನ್ನುವರು. ಹಿಡಿದನು, ರಾಜನಾದ್ದರಿಂದ. ಇಂದು ಆ ಹೊಣೆ ಸರ್ಕಾರದ್ದು. ಆ ಮಾರಸಿಂಹನೂ ಕೊನೆಗೆ ರಾಜ್ಯ ತ್ಯಜಿಸಿ, ಇದೇ ಶಿಗ್ಗಾಂವಿ ತಾಲೂಕಿನ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನೆಂಬುದನ್ನು ಇವರು ಹೇಳುವುದಿಲ್ಲ.

ಬಂದೂಕಿಗೆ ಠರಾವು ಬರೆಯುವ ಟ್ರಸ್ಟಿಗಳಿಗೆ ಒಂದು ಪ್ರಶ್ನೆ. ನಿಮ್ಮ ಬಸದಿಯ ಬಿಂಬಗಳ ಛಾಯಾಚಿತ್ರ, ಎತ್ತರ, ತೂಕಗಳ ವಹಿ ಇದೆಯೇ? ನೂರು ವರ್ಷ ಮೀರಿದವುಗಳನ್ನು 1972ರ ಪ್ರಾಚ್ಯವಸ್ತು ಅಧಿನಿಯಮದಂತೆ ನೋಂದಾಯಿಸಿದ್ದೀರಾ? ಬಿಂಬ ಕಳವಾದರೆ ಪೊಲೀಸರು ಮೊದಲು ಕೇಳುವುದು ಆ ಚಿತ್ರವನ್ನೇ.